ಅಬಾರ್ತ್ ಪುಂಟೊ ಬರೀ ಸ್ಟಿಕ್ಕರ್ ಕಾರಾ? ಹಳೆಯದನ್ನು ಈಗ ಕೊಳ್ಳಬಹುದಾ?

ಪ್ರಶ್ನೆ: ನಾನು ಹಾಸನದವನು. ಬೆಂಗಳೂರಿನಲ್ಲಿ 2016ರ ಅಬಾರ್ತ್ ಪುಂಟೊ (ಫಿಯೆಟ್ ಪುಂಟೊದ ಹೆಚ್ಚು ಶಕ್ತಿಯ ಆವೃತ್ತಿ) ಒಂದು ಮಾರಾಟಕ್ಕಿದೆ. 62 ಸಾವಿರ ಕಿಲೋಮೀಟರ್ ಓಡಿದೆ, ಈಗಿರುವವರು ಎರಡನೇ ಓನರ್. ಕಾಲೇಜಿನ ದಿನಗಳಿಂದ ಆ ಕಾರಿನ ಮೇಲೆ ನನಗೆ ಆಸೆ. ಆದರೆ ನಮ್ಮ ಮೆಕ್ಯಾನಿಕ್ ಬೇಡವೇ ಬೇಡ ಅಂತಾರೆ. ‘ಅದು ಮಾಮೂಲಿ ಪುಂಟೊಗೆ ಚೇಳಿನ ಸ್ಟಿಕ್ಕರ್ ಅಂಟಿಸಿದ ಕಾರು. ಟರ್ಬೊ ಹೋದರೆ ಮುಗಿಯಿತು, ಪಾರ್ಟ್ಸ್ ಸಿಗಲ್ಲ’ ಅನ್ನೋದು ಅವರ ಮಾತು. ಇನ್ನೊಬ್ಬ ಗೆಳೆಯ ಅದರಲ್ಲಿ ಫೆರಾರಿ ಎಂಜಿನ್ ಇದೆ, ಮಸೆರಾಟಿ ಮಾಡಿದವರೇ ಡಿಸೈನ್ ಮಾಡಿದ್ದು, ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿದರೆ 180 ಎಚ್‌ಪಿ ಬರುತ್ತೆ ಅಂತಾನೆ. ಯುರೋಪಿನಲ್ಲಿ ಪುಂಟೊಗೆ ಸೇಫ್ಟಿಯಲ್ಲಿ ಸೊನ್ನೆ ಸ್ಟಾರ್ ಬಂದಿದೆ ಅಂತಲೂ ಓದಿದೆ. ಮನೆಯಲ್ಲಿ ಹೆಂಡತಿ, ಮೂರು ವರ್ಷದ ಮಗಳು ಇದ್ದಾರೆ. ತಿಂಗಳಿಗೆ ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗ್ತೀವಿ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು ಇದ್ದರೂ ಚಿಂತೆ ಎರಡೇ. ಈ ಕಾರು ಹೆಸರಿಗೆ ತಕ್ಕದ್ದು ಹೌದೋ ಅಲ್ಲವೋ ಅನ್ನೋದು ಒಂದು. ಕೊಂಡ ಮೇಲೆ ಸಾಕೋಕೆ ಆಗುತ್ತಾ ಅನ್ನೋದು ಇನ್ನೊಂದು. ಫಿಯೆಟ್ ಕಾರುಗಳ ರಿಪೇರಿಯಲ್ಲೇ ನನ್ನ ಕೆಲಸದ ಬಹುಪಾಲು ಕಳೆದಿದೆ. ಆ ಅನುಭವದಿಂದ ಹೇಳ್ತೀನಿ: ಈ ಕಾರಿನ ಒಳ್ಳೆಯ ಗುಣಗಳೂ ತೊಂದರೆಗಳೂ ಒಂದೇ ಬೇರಿನಿಂದ ಬಂದವು. 2005ರಲ್ಲಿ ಟ್ಯುರಿನ್‌ನಲ್ಲಿ ಮಾಡಿದ ಒಂದು ಗಟ್ಟಿ ಬಾಡಿಯೇ ಆ ಬೇರು. ಅದು ಹೇಗೆ ಹುಟ್ಟಿತು ಅಂತ ಗೊತ್ತಾದರೆ ಏನನ್ನು ನಂಬಬೇಕು, ಏನನ್ನು ಪರೀಕ್ಷೆ ಮಾಡಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ.

2000ದ ನಂತರದ ಕೆಲವು ವರ್ಷ ಫಿಯೆಟ್ ಕಂಪನಿ ದೊಡ್ಡ ನಷ್ಟದಲ್ಲಿತ್ತು. 2000ದಲ್ಲಿ ಅಮೆರಿಕದ ಜನರಲ್ ಮೋಟರ್ಸ್ (ಜಿಎಂ) ಜೊತೆ ಕೈಜೋಡಿಸಿತ್ತು. ಎರಡೂ ಕಂಪನಿಗಳ ಸಣ್ಣ ಕಾರುಗಳಿಗೆ ಒಂದೇ ಪ್ಲಾಟ್‌ಫಾರ್ಮ್ ಮಾಡೋಣ ಅಂತ ಹೊರಟರು. ಅಡಿಪಾಯ ಒಂದೇ, ಮೇಲಿನ ಬಾಡಿ ಬೇರೆ ಬೇರೆ. ಫಿಯೆಟ್ ಕಡೆಯಿಂದ ಬಂದದ್ದು ಗ್ರಾಂಡೆ ಪುಂಟೊ, ಜಿಎಂನ ಜರ್ಮನ್ ಕಂಪನಿ ಓಪೆಲ್ ಕಡೆಯಿಂದ ಬಂದದ್ದು ಹೊಸ ಕೋರ್ಸಾ. ಮಧ್ಯದಲ್ಲೇ ಸಂಬಂಧ ಮುರಿಯಿತು. ಫಿಯೆಟ್ ತನ್ನ ಕಾರು ವಿಭಾಗವನ್ನು ತಂದು ಜಿಎಂ ತಲೆಗೆ ಕಟ್ಟಬಹುದಾದ ಒಂದು ಕರಾರು ಇತ್ತು. ಅದರಿಂದ ಬಿಡಿಸಿಕೊಳ್ಳಲು 2005ರ ಫೆಬ್ರವರಿಯಲ್ಲಿ ಜಿಎಂ ಸುಮಾರು 200 ಕೋಟಿ ಡಾಲರ್ ಕೊಟ್ಟಿತು. 2004ರಲ್ಲಿ ಫಿಯೆಟ್ ಚುಕ್ಕಾಣಿ ಹಿಡಿದಿದ್ದ ಸೆರ್ಜಿಯೊ ಮಾರ್ಕಿಯೋನೆ ಅವರ ಕೈಗೆ ಆ ಹಣವೂ ಸಿಕ್ಕಿತು, ಅರ್ಧ ಮುಗಿದಿದ್ದ ಒಳ್ಳೆಯ ಕಾರೂ ಸಿಕ್ಕಿತು. ಇದು ಓಡದಿದ್ದರೆ ಕಂಪನಿಯೇ ಉಳಿಯುವುದು ಕಷ್ಟ ಅನ್ನುವ ಸ್ಥಿತಿ. ಹಾಗಾಗಿ ಪ್ಲಾಟ್‌ಫಾರ್ಮ್ ವಿಷಯದಲ್ಲಿ ಅವರು ಕೈ ಬಿಗಿ ಹಿಡಿಯಲಿಲ್ಲ. ಬಾಗಿಲು ಹಾಕಿದಾಗ ಬರುವ ಆ ದಪ್ಪ ಸದ್ದು, 120ರಲ್ಲಿ ಹೋಗುವಾಗಲೂ ರಸ್ತೆಗೆ ಅಂಟಿಕೊಂಡ ಅನುಭವ ಎಲ್ಲ ಅಲ್ಲಿಂದಲೇ ಬಂದದ್ದು. ಸುಮಾರು 1.2 ಟನ್ ತೂಕವೂ ಅಲ್ಲಿಂದಲೇ.

ಈಗ ಡಿಸೈನ್ ವಿಷಯ. ನಿಮ್ಮ ಗೆಳೆಯ ಹೇಳಿದ್ದರಲ್ಲಿ ಇದೊಂದು ಮುಕ್ಕಾಲು ಪಾಲು ಸರಿ. ಗ್ರಾಂಡೆ ಪುಂಟೊದ ಹೊರ ಆಕಾರ ಬರೆದವರು ಜಾರ್ಜೆಟ್ಟೊ ಜುಜಾರೊ. ಅವರ ಇಟಾಲ್‌ಡಿಸೈನ್ ಸಂಸ್ಥೆ ಫಿಯೆಟ್‌ನ ಡಿಸೈನ್ ವಿಭಾಗದ ಜೊತೆ ಸೇರಿ ಈ ಕೆಲಸ ಮಾಡಿತು. ಇದೇ ಜುಜಾರೊ 1974ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಬರೆದವರು. 1983ರ ಫಿಯೆಟ್ ಯೂನೊ, 1993ರ ಮೊದಲ ಪುಂಟೊ ಕೂಡ ಅವರದ್ದೇ. 1998ರಲ್ಲಿ ಬಂದ ಮಸೆರಾಟಿ 3200 ಜಿಟಿ ಕೂಡ ಇಟಾಲ್‌ಡಿಸೈನ್ ಕೆಲಸ. ಗ್ರಾಂಡೆ ಪುಂಟೊದ ಕೆಳಗಿಳಿದ ಬಾನೆಟ್, ಬಾಯಿಯಂತಿರುವ ಗ್ರಿಲ್, ಹಿಂದಕ್ಕೆ ಎಳೆದಂತಿರುವ ಹೆಡ್‌ಲೈಟ್ ನೋಡಿದವರಿಗೆಲ್ಲ ಮಸೆರಾಟಿ ನೆನಪಾಗಿದ್ದು ಅದಕ್ಕೇ.

ಆದರೆ ನಿಮ್ಮ ಅಬಾರ್ತ್‌ನ ಮುಂಭಾಗ ಜುಜಾರೊ ಬರೆದ ಹಾಗೇ ಉಳಿದಿಲ್ಲ. ಭಾರತದಲ್ಲಿ 2014ರ ಆಗಸ್ಟ್‌ನಲ್ಲಿ ಪುಂಟೊ ಇವೊ ಬಂದಾಗ ಹೆಡ್‌ಲೈಟ್, ಗ್ರಿಲ್, ಬಂಪರ್ ಬದಲಾದವು. ಅಬಾರ್ತ್ ಆ ಇವೊ ಮೇಲೆ ಕಟ್ಟಿದ ಕಾರು. ನನ್ನ ಕಣ್ಣಿಗೆ 2009ರಲ್ಲಿ ಇಲ್ಲಿಗೆ ಬಂದ ಗ್ರಾಂಡೆ ಪುಂಟೊದ ಮೂಗೇ ಚಂದ. ಹೊಸದರಲ್ಲಿ ಕ್ರೋಮ್ ಜಾಸ್ತಿ. ಜುಜಾರೊ ಕೈ ಈಗಲೂ ಕಾಣುವುದು ಪಕ್ಕದಿಂದ ನೋಡಿದಾಗ. ಮುಂದಿನ ಚಕ್ರದ ಮೇಲಿಂದ ಹೊರಟ ಗೆರೆ ನಿಧಾನಕ್ಕೆ ಮೇಲೇರುತ್ತಾ ಹಿಂದೆ ಹೋಗುತ್ತದೆ. ಕಿಟಕಿಯ ಗಾಜು ಹಿಂದೆ ಹೋದಷ್ಟೂ ಕಿರಿದಾಗುತ್ತದೆ. ನಿಂತಿದ್ದರೂ ಕಾರು ಮುಂದಕ್ಕೆ ಬಾಗಿದಂತೆ ಕಾಣೋದು ಇದರಿಂದಲೇ.

ಹಿಂದಿನ ದೀಪಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಬಂಪರ್ ಹತ್ತಿರ ಅಲ್ಲ, ಹಿಂದಿನ ಕಂಬದ ಮೇಲೆ ಎತ್ತರದಲ್ಲಿ ನಿಲ್ಲಿಸಿದ್ದಾರೆ. 1993ರ ಮೊದಲ ಪುಂಟೊದಿಂದ ಬಂದ ಗುರುತು ಇದು. ದೀಪ ಮೇಲೆ ಹೋದರೆ ಡಿಕ್ಕಿ ಬಾಗಿಲು ಅಗಲವಾಗಿ ಮಾಡಬಹುದು. ಪಾರ್ಕಿಂಗ್‌ನಲ್ಲಿ ಯಾರಾದರೂ ಹಿಂದಿನಿಂದ ತಾಗಿಸಿದರೆ ದೀಪ ಒಡೆಯುವುದಿಲ್ಲ. ಹಿಂದೆ ಬರುವ ಲಾರಿಯವನಿಗೂ ಬ್ರೇಕ್ ದೀಪ ಬೇಗ ಕಾಣುತ್ತದೆ. ಚಂದಕ್ಕೂ ಉಪಯೋಗಕ್ಕೂ ಒಂದೇ ಉತ್ತರ ಹುಡುಕುವುದು ಜುಜಾರೊ ಅವರ ದೊಡ್ಡ ಗುಣ. ಅವರನ್ನು ನಾನು ಮೆಚ್ಚುವುದು ಇಂಥ ಕಡೆಗಳಲ್ಲೇ.

ಚಂದಕ್ಕೆ ಬೆಲೆ ತೆತ್ತ ಕಡೆಗಳೂ ಇವೆ. ಮುಂದಿನ ಕಂಬ ದಪ್ಪ, ತುಂಬಾ ಓರೆ. ಬಲ ತಿರುವಿನಲ್ಲಿ ಆ ಕಂಬದ ಹಿಂದೆ ಒಂದು ಬೈಕೇ ಮರೆಯಾಗಬಹುದು. ಶಿರಾಡಿಯಂಥ ಘಾಟಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ತಲೆ ಆಚೀಚೆ ಆಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಹಿಂದಿನ ಗಾಜಿನಿಂದ ಕಾಣುವುದೂ ಕಡಿಮೆ. ಎಡಗಾಲು ಇಡಲು ಸರಿಯಾದ ಜಾಗ ಇಲ್ಲ, ಪೆಡಲ್‌ಗಳು ಒತ್ತೊತ್ತಾಗಿವೆ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ದಿನಾ ಹಾಕುವ ಶೂ ಹಾಕಿಕೊಂಡು ಹೋಗಿ. ಅರ್ಧ ಗಂಟೆ ಓಡಿಸಿ. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಎಷ್ಟು ದಿನ ಆದರೂ ಒಗ್ಗುವುದಿಲ್ಲ.

ಫೆರಾರಿ ಎಂಜಿನ್ ಅನ್ನೋದು ಶುದ್ಧ ಸುಳ್ಳು. ಇದರಲ್ಲಿರುವುದು 1368 ಸಿಸಿಯ ಟಿ-ಜೆಟ್. 1985ರಲ್ಲಿ ಫಿಯೆಟ್ ಶುರು ಮಾಡಿದ ‘ಫೈರ್’ ಎಂಜಿನ್ ಕುಟುಂಬದ ಕೂಸು ಅದು. ಇಟಲಿಯ ಟೆರ್ಮೊಲಿಯಲ್ಲಿ ರೋಬೋಟ್‌ಗಳಿಂದ ಜೋಡಿಸಲೆಂದೇ ಕಡಿಮೆ ಬಿಡಿಭಾಗ ಇಟ್ಟು ಮಾಡಿದ ಸರಳ ಎಂಜಿನ್. ನಮ್ಮ ಮಾಮೂಲಿ ಪುಂಟೊದ 1.2, 1.4 ಪೆಟ್ರೋಲ್ ಎಂಜಿನ್‌ಗಳೂ ಅದೇ ಮನೆತನದವು. ಅದಕ್ಕೆ 16 ವಾಲ್ವ್‌ಗಳ ಹೆಡ್, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು), ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವುದು) ಸೇರಿಸಿ, ಒಳಗಿನ ಭಾಗಗಳನ್ನು ಗಟ್ಟಿ ಮಾಡಿ ಟಿ-ಜೆಟ್ ಮಾಡಿದರು. ಬ್ಲಾಕ್ ಬೀಡು ಕಬ್ಬಿಣದ್ದು. ಫೆರಾರಿ ಅಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ನೀವು ಹಾಸನದಲ್ಲಿದ್ದುಕೊಂಡು ಈ ಕಾರು ಸಾಕಬಹುದು ಅನ್ನೋ ಧೈರ್ಯ ಬರುವುದೇ ಈ ಸರಳತೆಯಿಂದ.

ಇನ್ನು ಸ್ಟಿಕ್ಕರ್ ವಿಷಯಕ್ಕೆ ಬರೋಣ. ನಿಮ್ಮ ಮೆಕ್ಯಾನಿಕ್ ಮಾತಿಗೆ ಆಧಾರ ಇಲ್ಲದಿಲ್ಲ. ಅಬಾರ್ತ್ ಹೆಸರನ್ನು ಫಿಯೆಟ್ ಒಂದು ಕಾಲದಲ್ಲಿ ಸುಮ್ನೆ ಅಲಂಕಾರಕ್ಕೆ ಬಳಸಿದ್ದು ನಿಜ. ಸೆಯಿಚೆಂಟೊ ಅನ್ನುವ ಪುಟ್ಟ ಕಾರಿನ ಅಬಾರ್ತ್ ಆವೃತ್ತಿಯಲ್ಲಿ ಎಂಜಿನ್ ಶಕ್ತಿ ಒಂದಿಷ್ಟೂ ಹೆಚ್ಚಿರಲಿಲ್ಲ, ಬರೀ ಬಂಪರ್, ಚಕ್ರ, ಚೇಳು. ಆದರೆ ಅದನ್ನು ಹಿಡಿದು ಎಲ್ಲವನ್ನೂ ಅಳೆಯಬಾರದು. ಕಾರ್ಲೊ ಅಬಾರ್ತ್ ಏನು ಮಾಡುತ್ತಿದ್ದರು ಅನ್ನೋದನ್ನು ನೋಡಬೇಕು.

ಅವರು 1908ರ ನವೆಂಬರ್‌ನಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ವೃಶ್ಚಿಕ ರಾಶಿ, ಅದಕ್ಕೇ ಚೇಳಿನ ಗುರುತು. 1949ರಲ್ಲಿ ಇಟಲಿಯಲ್ಲಿ ಕಂಪನಿ ತೆರೆದರು. ಹೊಟ್ಟೆಪಾಡಿಗೆ ಮೊದಲು ಮಾರಿದ್ದು ಸೈಲೆನ್ಸರ್‌ಗಳನ್ನು. ಆಮೇಲೆ ಫಿಯೆಟ್ 500, 600ರಂಥ ಬಡವರ ಕಾರುಗಳನ್ನು ತಂದು, ಎಂಜಿನ್ ಬೋರ್ ಹಿಗ್ಗಿಸಿ, ಕಾರ್ಬ್ಯುರೇಟರ್ ಬದಲಿಸಿ, ಅವನ್ನೇ ರೇಸಿಗೆ ಇಳಿಸಿದರು. 1963ರಲ್ಲಿ ಬಂದ 595 ಅಂದರೆ ಏನು? ಫಿಯೆಟ್ 500ರ 499 ಸಿಸಿ ಎಂಜಿನ್ನನ್ನು 594ಕ್ಕೆ ಏರಿಸಿದ್ದು, ಅಷ್ಟೇ. ಶಕ್ತಿ 18ರ ಆಸುಪಾಸಿನಿಂದ 27 ಎಚ್‌ಪಿಗೆ ಬಂತು. ಪೂರ್ತಿ ಕಾರು ಬೇಡವಾದರೆ ಬದಲಾವಣೆಯ ಸಾಮಾನನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು, ನಿಮ್ಮೂರಿನ ಗ್ಯಾರೇಜಿನಲ್ಲೇ ಹಾಕಿಸಿಕೊಳ್ಳಬಹುದಿತ್ತು. ಹಾಗಾಗಿ ‘ಮಾಮೂಲಿ ಫಿಯೆಟ್‌ಗೆ ಟರ್ಬೊ ಹಾಕಿದ ಕಾರು’ ಅನ್ನೋದನ್ನು ನಾನು ಬೈಗುಳ ಅಂತ ತೆಗೆದುಕೊಳ್ಳುವುದಿಲ್ಲ. ಅಬಾರ್ತ್ ಅಂದರೆ ಮೊದಲಿನಿಂದಲೂ ಅದೇ.

1971ರಲ್ಲಿ ಅವರು ಕಂಪನಿಯನ್ನು ಫಿಯೆಟ್‌ಗೆ ಮಾರಿದರು. ಅಬಾರ್ತ್ ತಂಡ ಸಿದ್ಧಪಡಿಸಿದ ಫಿಯೆಟ್ 131 ಮೂರು ಸಲ, 1977, 78 ಮತ್ತು 80ರಲ್ಲಿ, ವಿಶ್ವ ರ‍್ಯಾಲಿ ತಯಾರಕರ ಪಟ್ಟ ಗೆದ್ದಿತು. ಆಮೇಲೆ ಹೆಸರು ಮಂಕಾಯಿತು. ಮತ್ತೆ ಎದ್ದು ನಿಂತದ್ದು 2007ರಲ್ಲಿ, ಎದ್ದು ನಿಂತದ್ದೇ ಪುಂಟೊ ಬೆನ್ನ ಮೇಲೆ. ಜಿನೀವಾ ಮೋಟರ್ ಶೋನಲ್ಲಿ ಅಬಾರ್ತ್ ಗ್ರಾಂಡೆ ಪುಂಟೊ ತೋರಿಸಿದರು. 155 ಎಚ್‌ಪಿ, ಆರು ಗೇರ್, ಮೂರು ಬಾಗಿಲು. ಅದೂ ಸಾಲದವರಿಗೆ 180 ಎಚ್‌ಪಿಗೆ ಏರಿಸುವ ‘ಎಸ್ಸೆಎಸ್ಸೆ’ ಕಿಟ್ ಒಂದು ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಹಳೆಯ ಪದ್ಧತಿಯ ಹಾಗೆಯೇ. ಅದಕ್ಕೂ ಒಂದು ವರ್ಷ ಮೊದಲೇ ಇದೇ ಬಾಡಿಯಿಂದ ಮಾಡಿದ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಎಸ್2000 ರ‍್ಯಾಲಿ ಕಾರಿನಲ್ಲಿ ಜಾಂಡೊಮೆನಿಕೊ ಬಾಸ್ಸೊ 2006ರ ಯುರೋಪಿಯನ್ ರ‍್ಯಾಲಿ ಚಾಂಪಿಯನ್ ಆಗಿದ್ದರು. ರ‍್ಯಾಲಿ ಕಾರಿಗೂ ರಸ್ತೆಯ ಕಾರಿಗೂ ಎಂಜಿನ್ ಬೇರೆ, ಎಲ್ಲವೂ ಬೇರೆ. ಆದರೂ ಬಾಡಿಯ ಗಟ್ಟಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ಕಾರು ಯುರೋಪಿನದರ ತದ್ರೂಪ ಅಲ್ಲ. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ತಯಾರಾಗಿ 2015ರ ಅಕ್ಟೋಬರ್‌ನಲ್ಲಿ ಬಂತು. ದೆಹಲಿ ಶೋರೂಂ ಬೆಲೆ 9.95 ಲಕ್ಷ. ಬಾಗಿಲು ಐದು, ಗೇರ್ ಐದೇ. ಶಕ್ತಿ 145 ಎಚ್‌ಪಿ, ಟಾರ್ಕ್ (ತಿರುಗಿಸುವ ಬಲ) 212 ನ್ಯೂಟನ್ ಮೀಟರ್. ಕಂಪನಿ ಹೇಳಿದ ಪ್ರಕಾರ 8.8 ಸೆಕೆಂಡಿನಲ್ಲಿ 100 ಮುಟ್ಟುತ್ತದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟರು, 16 ಇಂಚಿನ ಚಕ್ರ ಕೊಟ್ಟರು. ಸ್ಪ್ರಿಂಗ್‌ಗಳನ್ನು ಬಿಗಿ ಮಾಡಿ ಕಾರನ್ನು ಕೆಳಗಿಳಿಸಿದರು. ಇಷ್ಟೆಲ್ಲ ಬದಲಾವಣೆ ಇರುವುದನ್ನು ಸ್ಟಿಕ್ಕರ್ ಕಾರು ಅನ್ನೋದು ಅನ್ಯಾಯ. ಅಂದಹಾಗೆ, ಭಾರತದ ಪುಂಟೊ ನಾಲ್ಕು ಮೀಟರ್‌ಗಿಂತ ಗಿಡ್ಡ, ಯುರೋಪಿನದು 4.03 ಮೀಟರ್. ಸಣ್ಣ ಕಾರಿನ ತೆರಿಗೆ ರಿಯಾಯಿತಿ ಬೇಕಾದರೆ ಉದ್ದ ನಾಲ್ಕು ಮೀಟರ್ ಒಳಗಿರಬೇಕು, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗಿರಬೇಕು. ಅಬಾರ್ತ್ ಎಂಜಿನ್ ಆ ಮಿತಿ ದಾಟಿದ್ದರಿಂದ ರಿಯಾಯಿತಿ ಸಿಗಲಿಲ್ಲ. ಆದರೂ ಹತ್ತು ಲಕ್ಷದೊಳಗೆ ಇಟ್ಟರು.

ಒಂದು ವಿಷಯದಲ್ಲಿ ನಮ್ಮ ಕಾರು ಯುರೋಪಿನದಕ್ಕಿಂತ ಮೇಲು ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ಸ್ಟೀರಿಂಗ್‌ಗೆ ಎಲೆಕ್ಟ್ರಿಕ್ ಸಹಾಯ, ಇಲ್ಲಿ ಹೈಡ್ರಾಲಿಕ್. ಪಾರ್ಕಿಂಗ್‌ನಲ್ಲಿ ಸ್ವಲ್ಪ ಭಾರ ಅನ್ನಿಸುತ್ತದೆ. ಘಾಟಿಯಲ್ಲಿ ಮಾತ್ರ ಟೈರು ರಸ್ತೆಯನ್ನು ಹಿಡಿದಿದೆಯಾ, ಜಾರುತ್ತಿದೆಯಾ ಅನ್ನೋದು ಅಂಗೈಗೆ ಗೊತ್ತಾಗುತ್ತದೆ. ಇಂಥ ಸ್ಟೀರಿಂಗ್ ಇರುವ ಹೊಸ ಹ್ಯಾಚ್‌ಬ್ಯಾಕ್ ಈಗ ಹುಡುಕಿದರೂ ಸಿಗುವುದು ಕಷ್ಟ.

ಆದರೆ ಕೊಡದೇ ಬಿಟ್ಟದ್ದೂ ಇದೆ. ಯುರೋಪಿನ ಅಬಾರ್ತ್‌ನಲ್ಲಿ ಕಾರು ಜಾರಿದಾಗ ತಾನಾಗಿ ಹಿಡಿಯುವ ಇಎಸ್‌ಪಿ ಇತ್ತು, ನಮ್ಮದರಲ್ಲಿ ಇಲ್ಲ. 2000 ಆರ್‌ಪಿಎಂ ಕೆಳಗೆ ಈ ಎಂಜಿನ್ ಸಪ್ಪೆ. ಅದು ದಾಟಿದ ತಕ್ಷಣ ಟಾರ್ಕ್ ಒಮ್ಮೆಗೇ ನುಗ್ಗುತ್ತದೆ. ಆ ಹೊತ್ತಿಗೆ ಸ್ಟೀರಿಂಗ್ ತಿರುಗಿದ್ದರೆ ಅದು ಕೈಯಿಂದ ಎಳೆದುಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಇದು ಖುಷಿ. ಜುಲೈ ತಿಂಗಳ ಶಿರಾಡಿಯಲ್ಲಿ, ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರ ಹಿಡಿತ ಬಿಟ್ಟು ಕಾರು ನೆಟ್ಟಗೆ ಹೋಗಿಬಿಡಬಹುದು. ಒಳ್ಳೆಯ ಟೈರಿಗೆ ಖರ್ಚು ಮಾಡುವುದರಲ್ಲಿ ಜುಗ್ಗತನ ಬೇಡ.

ಈಗ ಸೊನ್ನೆ ಸ್ಟಾರ್. ಪುಟ್ಟ ಮಗಳಿರುವ ನಿಮಗೆ ಇದು ದೊಡ್ಡ ಭಯ ಅಂತ ಗೊತ್ತು. ಸುದ್ದಿ ನಿಜ. 2017ರ ಡಿಸೆಂಬರ್‌ನಲ್ಲಿ, ಕಾರುಗಳನ್ನು ಗುದ್ದಿಸಿ ಸೇಫ್ಟಿ ಪರೀಕ್ಷೆ ಮಾಡುವ ಯುರೋ ಎನ್‌ಕ್ಯಾಪ್ ಸಂಸ್ಥೆ ಪುಂಟೊಗೆ ಸೊನ್ನೆ ಕೊಟ್ಟಿತು. ಸೊನ್ನೆ ಪಡೆದ ಮೊದಲ ಕಾರು ಅದು. ಇದೇ ಬಾಡಿಗೆ ಅದೇ ಸಂಸ್ಥೆ 2005ರಲ್ಲಿ ಐದು ಸ್ಟಾರ್ ಕೊಟ್ಟಿತ್ತು. ಹನ್ನೆರಡು ವರ್ಷದಲ್ಲಿ ಕಬ್ಬಿಣ ತೆಳುವಾಗಲಿಲ್ಲ, ಪರೀಕ್ಷೆ ಕಠಿಣವಾಯಿತು. 2017ರ ಹೊತ್ತಿಗೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ, ಬೆಲ್ಟ್ ಹಾಕದವರಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆ ಇಂಥವಕ್ಕೆಲ್ಲ ಅಂಕ ಇತ್ತು. ಆ ವಿಭಾಗದಲ್ಲಿ ಪುಂಟೊಗೆ ಬಂದದ್ದು ಶೇಕಡಾ 0. ದೊಡ್ಡವರ ರಕ್ಷಣೆಯಲ್ಲಿ ಶೇಕಡಾ 51, ಮಕ್ಕಳ ರಕ್ಷಣೆಯಲ್ಲಿ ಶೇಕಡಾ 43 ಬಂದಿತ್ತು. ಇವೂ ಹೆಮ್ಮೆಪಡುವ ಅಂಕಗಳಲ್ಲ. ಫಿಯೆಟ್ ಹನ್ನೆರಡು ವರ್ಷ ಅದೇ ಕಾರನ್ನು ಎಳೆದುಕೊಂಡು ಬಂದದ್ದು ತಪ್ಪೇ. ಆದರೆ ‘ಗುದ್ದಿದರೆ ಪುಡಿಯಾಗುವ ಕಾರು’ ಅಂತ ಅದರ ಅರ್ಥ ಅಲ್ಲ.

ಇನ್ನೊಂದು ಮಾತು. ಆ ಐದೂ ಈ ಸೊನ್ನೆಯೂ ಯುರೋಪಿನ ಕಾರಿಗೆ ಸಿಕ್ಕಿದ್ದು. ನಮ್ಮ ಅಬಾರ್ತ್‌ನಲ್ಲಿ ಇರುವುದು ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್. ಹಾಗಾಗಿ ನಾನು ಇದನ್ನು ‘2005ರ ಗಟ್ಟಿ ಬಾಡಿ, ಇವತ್ತಿನ ಲೆಕ್ಕದಲ್ಲಿ ಕಡಿಮೆ ಸೇಫ್ಟಿ ಸಲಕರಣೆ’ ಅಂತ ಹೇಳುತ್ತೇನೆ. ಮಗಳನ್ನು ಹಿಂದಿನ ಸೀಟಿನಲ್ಲಿ, ಅವಳ ತೂಕಕ್ಕೆ ಸರಿಹೊಂದುವ ಚೈಲ್ಡ್ ಸೀಟಿನಲ್ಲೇ ಕೂರಿಸಿ. ಕೊಳ್ಳುವ ಮೊದಲೇ ಆ ಸೀಟನ್ನು ಕಾರಿಗೆ ಹಾಕಿ ನೋಡಿ, ಗಟ್ಟಿಯಾಗಿ ಕೂರುತ್ತದಾ ಅಂತ. ಸೇಫ್ಟಿಯೇ ನಿಮ್ಮ ಮೊದಲ ಲೆಕ್ಕ ಅಂತಾದರೆ ಅದೇ ಹಣಕ್ಕೆ ಇದಕ್ಕಿಂತ ಹೊಸ ಕಾಲದ ಕಾರು ಸಿಗುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥ ಇಲ್ಲ.

ಟರ್ಬೊ ಭಯಕ್ಕೆ ಬರೋಣ. ಟರ್ಬೊ ತಾನಾಗಿ ಸಾಯುವುದು ಅಪರೂಪ. ನಾನು ಬಿಚ್ಚಿ ನೋಡಿದವುಗಳಲ್ಲಿ ಹೆಚ್ಚಿನವನ್ನು ಕೊಂದದ್ದು ಎಣ್ಣೆ. ಎಂಜಿನ್ ಆಯಿಲ್ ತಡವಾಗಿ ಬದಲಿಸಿರುತ್ತಾರೆ, ಇಲ್ಲಾ ಕಡಿಮೆ ಬೆಲೆಯದು ಹಾಕಿರುತ್ತಾರೆ. ಇನ್ನು ಕೆಲವರು ಘಾಟಿ ಹತ್ತಿ ಬಂದು ಹೋಟೆಲ್ ಮುಂದೆ ನಿಲ್ಲಿಸಿ ಆ ಕ್ಷಣವೇ ಕೀ ತಿರುಗಿಸುತ್ತಾರೆ. ಟರ್ಬೊ ಕೆಂಪಗೆ ಕಾದಿರುತ್ತದೆ, ಆಯಿಲ್ ಹರಿಯುವುದು ನಿಂತುಬಿಡುತ್ತದೆ. ಒಳಗೆ ಉಳಿದ ಆಯಿಲ್ ಕಾದ ಕಾವಲಿಯ ಮೇಲೆ ಬಿಟ್ಟ ಎಣ್ಣೆಯ ಹಾಗೆ ಸುಟ್ಟು ಕರಿಕಟ್ಟುತ್ತದೆ. ಹೀಗೇ ಆಗುತ್ತಿದ್ದರೆ ಬೇರಿಂಗ್ ಸವೆಯುತ್ತದೆ. ಕೊನೆಯ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿ, ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಆನ್ ಇಟ್ಟರೆ ಸಾಕು. ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಸಿಂಥೆಟಿಕ್ ಆಯಿಲ್ ಹಾಕಿಸಿ. ಎಷ್ಟೇ ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ಬದಲಿಸಿ.

ಟರ್ಬೊಗಿಂತ ನನಗೆ ಹೆಚ್ಚು ಭಯ ಇರುವುದು ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ಓಡಿಸುವ ಪಟ್ಟಿ) ಬಗ್ಗೆ. ಈ ಎಂಜಿನ್‌ನಲ್ಲಿ ಚೈನ್ ಇಲ್ಲ, ರಬ್ಬರ್ ಬೆಲ್ಟ್. ಓಡುವಾಗ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ, ಹೆಡ್ ಬಿಚ್ಚಬೇಕಾಗುತ್ತದೆ. ‘62 ಸಾವಿರ ತಾನೇ ಓಡಿರೋದು, ಇನ್ನೂ ಟೈಮ್ ಇದೆ’ ಅಂತ ಮಾರುವವರು ಹೇಳುತ್ತಾರೆ. ರಬ್ಬರಿಗೆ ಕಿಲೋಮೀಟರ್ ಮಾತ್ರ ಅಲ್ಲ, ವಯಸ್ಸೂ ಲೆಕ್ಕ. 2016ರ ಕಾರಿನಲ್ಲಿ ಕಂಪನಿಯ ಬೆಲ್ಟೇ ಇನ್ನೂ ಇದ್ದರೆ ಅದನ್ನು ಓಡಿಸಿಕೊಂಡು ಹಾಸನಕ್ಕೂ ತರಬೇಡಿ, ಅಲ್ಲೇ ಬದಲಿಸಿ. ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಭಾಗ), ವಾಟರ್ ಪಂಪ್ ಕೂಡ ಅದೇ ಹೊತ್ತಿಗೆ ಹಾಕಿಸಿ. ಅವಕ್ಕಾಗಿ ಮತ್ತೆ ಅಷ್ಟೆಲ್ಲ ಬಿಚ್ಚುವುದು ಬೇಡ.

ಪಾರ್ಟ್ಸ್ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ ಅರ್ಧ ಸರಿ. ಎಂಜಿನ್‌ನ ಹಲವು ಭಾಗಗಳು ಫಿಯೆಟ್‌ನದೇ ಸೆಡಾನ್ ಆದ ಲೀನಿಯಾ ಟಿ-ಜೆಟ್ ಜೊತೆ ಹೊಂದುತ್ತವೆ. ಸಸ್ಪೆನ್ಷನ್‌ನ ಬುಷ್, ಬಾಲ್ ಜಾಯಿಂಟ್, ಲಿಂಕ್‌ಗಳಂಥವು ಮಾಮೂಲಿ ಪುಂಟೊ, ಲೀನಿಯಾದವೇ. ಇವು ಸಿಗುತ್ತವೆ. ಸಿಗದೇ ಸತಾಯಿಸುವುದು ಹೊರಗಿನವು: ಹೆಡ್‌ಲೈಟ್, ಬಂಪರ್, ಚೇಳಿನ ಗುರುತಿನ ಅಲಾಯ್ ಚಕ್ರ, ಅಬಾರ್ತ್‌ಗೇ ಅಂತ ಮಾಡಿದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್. ಒಂದು ಸಣ್ಣ ಅಪಘಾತವಾಗಿ ಎಂಜಿನ್‌ಗೆ ಏನೂ ಆಗದಿದ್ದರೂ ಒಂದು ಹೆಡ್‌ಲೈಟ್‌ಗಾಗಿ ವಾರಗಟ್ಟಲೆ ಕಾರು ನಿಲ್ಲಿಸಬೇಕಾಗಬಹುದು. ಇಟಲಿಯ ಮೆಲ್ಫಿಯಲ್ಲಿ ಪುಂಟೊ ತಯಾರಿಕೆ 2018ರಲ್ಲೇ ನಿಂತಿದೆ. ಭಾರತದಲ್ಲೂ ಫಿಯೆಟ್ ಹೆಸರಿನ ಕಾರು ಈಗ ಮಾರಾಟಕ್ಕಿಲ್ಲ. ಇದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಲೇ ಹೋಗುತ್ತದೆ. ಜೀಪ್ ಕಂಪಾಸ್‌ನ 1.4 ಪೆಟ್ರೋಲ್ ಎಂಜಿನ್ ಇದರ ದಾಯಾದಿ ಹೌದು. ಆದರೆ ಅದರ ಹೆಡ್, ವಾಲ್ವ್ ವ್ಯವಸ್ಥೆ ಬೇರೆ. ‘ಕಂಪಾಸ್ ಪಾರ್ಟ್ಸ್ ಆಗುತ್ತೆ’ ಅನ್ನುವ ಮಾತನ್ನು ಕುರುಡಾಗಿ ನಂಬಬೇಡಿ.

ರೀಮ್ಯಾಪ್ ಬೇಡ ಅನ್ನೋದು ನನ್ನ ಸ್ಪಷ್ಟ ಸಲಹೆ. 180 ಎಚ್‌ಪಿ ಆಗುತ್ತದೆ ಅನ್ನೋದು ಸುಳ್ಳಲ್ಲ. ಕಂಪನಿಯೇ ಆ ಕಿಟ್ ಮಾಡಿತ್ತು ಅಂತ ಹೇಳಿದೆನಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಬರೀ ಸಾಫ್ಟ್‌ವೇರ್ ಇರಲಿಲ್ಲ. ಎಂಜಿನ್ ಭಾಗಗಳ ಜೊತೆ ಬೇರೆ ಬ್ರೇಕ್ ಡಿಸ್ಕ್, ಸ್ಪ್ರಿಂಗ್, 18 ಇಂಚಿನ ಚಕ್ರ ಎಲ್ಲ ಇದ್ದವು. ಇಎಸ್‌ಪಿ ಇರುವ, ಆರು ಗೇರಿನ ಕಾರಿಗೆ ಮಾಡಿದ ಕಿಟ್ ಅದು. ಇಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಬೂಸ್ಟ್ (ಟರ್ಬೊದ ಗಾಳಿ ಒತ್ತಡ) ಏರಿಸಿದರೆ ಮೊದಲು ಹೊಡೆತ ಬೀಳುವುದು ಕ್ಲಚ್ಚಿಗೆ, ಆಮೇಲೆ ಗೇರ್‌ಬಾಕ್ಸಿಗೆ. ಸಾಮಾನ್ಯ ಪಂಪಿನ ಪೆಟ್ರೋಲಿನಲ್ಲಿ ಎಂಜಿನ್ ನಾಕ್ ಆಗುವ (ಪೆಟ್ರೋಲ್ ಹೊತ್ತಿಗೆ ಮೊದಲೇ ಉರಿದು ಬಡಿದ ಸದ್ದು ಬರುವ) ಅಪಾಯವೂ ಜಾಸ್ತಿ. ಅಪಘಾತವಾದಾಗ ವಿಮಾ ಕಂಪನಿ ಈ ಬದಲಾವಣೆಯನ್ನೇ ಹಿಡಿದು ತಕರಾರು ತೆಗೆಯಬಹುದು. ನೀವು ನೋಡುತ್ತಿರುವ ಕಾರನ್ನೇ ಹಿಂದಿನವರು ರೀಮ್ಯಾಪ್ ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ. ‘ಮತ್ತೆ ಸ್ಟಾಕ್ (ಕಂಪನಿಯಿಂದ ಬಂದ ಹಾಗೆ) ಮಾಡಿಸಿದ್ದೀನಿ’ ಅಂತ ಉತ್ತರ ಬಂದರೆ ಕ್ಲಚ್ ಪರೀಕ್ಷೆ ಎರಡು ಸಲ ಮಾಡಿ: ನಾಲ್ಕನೇ ಗೇರಿನಲ್ಲಿ ಏರು ರಸ್ತೆಯಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತಲೇ ಅರ್ಥ.

ಗ್ರೌಂಡ್ ಕ್ಲಿಯರೆನ್ಸ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಕೇಳಬೇಕಿತ್ತು. ಇದರದ್ದು 155 ಮಿಲಿಮೀಟರ್. ಸಾಮಾನ್ಯ ಪುಂಟೊಗಿಂತ ಸಾಕಷ್ಟು ಕೆಳಗೆ. ನಾಲ್ಕು ಜನ ಕೂತು ಲಗೇಜ್ ಹಾಕಿದರೆ ನಮ್ಮೂರ ಹಂಪ್‌ಗಳಿಗೆ ಹೊಟ್ಟೆ ತಾಗುತ್ತದೆ. ಎತ್ತರಿಸಲು ರಬ್ಬರ್ ಸ್ಪೇಸರ್ ಹಾಕಿಸುವವರು ಇದ್ದಾರೆ. ಹಾಕಿಸಿದ ಮೇಲೆ ಆ ಕಾರಿನ ನಡಿಗೆಯೇ ಕೆಡುತ್ತದೆ. ಹಣ ಕೊಟ್ಟದ್ದೇ ಆ ನಡಿಗೆಗೆ ಅಲ್ವಾ? ಕಾರನ್ನು ಲಿಫ್ಟ್ ಮೇಲೆ ಏರಿಸಿ ಕೆಳಭಾಗ ನೋಡಿ. ಆಯಿಲ್ ಸಂಪ್ ಮೇಲೆ ಗೀರು, ವೆಲ್ಡಿಂಗ್ ಗುರುತು ಇದೆಯಾ, ಸ್ಟೀರಿಂಗ್ ಪೈಪುಗಳಲ್ಲಿ ಹೈಡ್ರಾಲಿಕ್ ಎಣ್ಣೆ ಜಿನುಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.

ನಿಮ್ಮ ಮುಂದಿರುವ ದಾರಿ ನನಗೆ ಕಾಣುವಂತೆ ಹೀಗಿದೆ. ಮನೆಯಲ್ಲಿ ಬೇರೆ ಒಂದು ಕಾರು ಇಟ್ಟುಕೊಂಡು ಅಬಾರ್ತ್ ಅನ್ನು ಎರಡನೇ ಕಾರಾಗಿ ಕೊಳ್ಳುವುದಾದರೆ, ಸರ್ವಿಸ್ ದಾಖಲೆ ಸರಿಯಿದ್ದರೆ, ಕೊಳ್ಳಿ. ಮನೆಗೆ ಇದೊಂದೇ ಕಾರು, ಮಗಳ ಶಾಲೆಗೂ ಆಸ್ಪತ್ರೆಗೂ ಇದೇ ಆಗಬೇಕು ಅಂತಾದರೆ ಬೇಡ. ಪಾರ್ಟ್‌ಗಾಗಿ ಎರಡು ವಾರ ನಿಂತರೆ ಮನೆಯವರಿಗೆಲ್ಲ ತೊಂದರೆ. ಆ ನಡಿಗೆ ಬೇಕು, ಅಷ್ಟು ವೇಗ ಬೇಡ ಅನ್ನಿಸಿದರೆ 1.3 ಮಲ್ಟಿಜೆಟ್ ಡೀಸೆಲ್ ಪುಂಟೊ ನೋಡಿ. ಆ ಎಂಜಿನ್ ಮಾರುತಿ, ಟಾಟಾ ಕಾರುಗಳಲ್ಲೂ ಇತ್ತು. ಯಾವ ಊರಿನ ಗ್ಯಾರೇಜಿನಲ್ಲಾದರೂ ಅದನ್ನು ಬಲ್ಲವರು ಸಿಗುತ್ತಾರೆ. ಬಾಡಿಯೂ ಹೈಡ್ರಾಲಿಕ್ ಸ್ಟೀರಿಂಗೂ ಅದೇ. ಲೀನಿಯಾ ಟಿ-ಜೆಟ್ ಕೂಡ ಒಳ್ಳೆಯದೇ. ಆದರೆ ಚೆನ್ನಾಗಿ ಸಾಕಿದ್ದು ಸಿಗುವುದು ಕಡಿಮೆ.

ಕಾರು ನೋಡಲು ಬೆಳಿಗ್ಗೆ ಹೋಗಿ. ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಮಾರುವವರಿಗೆ ಹಿಂದಿನ ದಿನವೇ ಹೇಳಿ. ಬಾನೆಟ್ ಮುಟ್ಟಿ ತಣ್ಣಗಿದೆಯಾ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಸ್ಟಾರ್ಟ್ ಮಾಡಿಸಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಅಲ್ಲಿಗೇ ಬಿಡಿ. ಕೂಲೆಂಟ್ ಡಬ್ಬದ ಮುಚ್ಚಳ ತೆಗೆದು ಒಳಗೆ ಎಣ್ಣೆ ಜಿಡ್ಡು ಇದೆಯಾ ನೋಡಿ. ಇದನ್ನು ತಣ್ಣಗಿರುವಾಗಲೇ ಮಾಡಿ, ಬಿಸಿಯಿದ್ದಾಗ ಕೈ ಹಾಕಬೇಡಿ. ಇಪ್ಪತ್ತು ನಿಮಿಷ ಓಡಿಸಿ ಬಂದ ಮೇಲೆ ಎಸಿ ಹಾಕಿ ನಿಲ್ಲಿಸಿಡಿ, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು. ಬೆಲ್ಟ್ ಬದಲಿಸಿದ ಬಿಲ್ ಕೇಳಿ, ಬಾಯಿಮಾತಿಗೆ ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ಬೆಲ್ಟ್, ಟೆನ್ಷನರ್, ಪಂಪ್ ಮೂರರ ಖರ್ಚನ್ನೂ ಗ್ಯಾರೇಜಿನಲ್ಲಿ ಬರೆಸಿಕೊಂಡು, ಆ ಮೊತ್ತವನ್ನು ಕೇಳುವ ಬೆಲೆಯಿಂದ ಕಳೆದು ಮಾತಾಡಿ.